ಪೈಪ್ ಯಾರ್ ಹಾಕ್ತಾರ

ಏಪ್ರಿಲ್ 27, 2024, ಶನಿವಾರ
ಗಂಗಾವತಿ

ಬಿಸಿಲಿನ ಬಗ್ಗೆ ಬರೀಬಾರದು ಅನ್ಕೊಂಡಿದ್ದೆ, ಎಲ್ಲಾರೂ ಅದನ್ನೇ ಬರಿಯಾಕತ್ಯಾರ. ಆದ್ರ ನನ್ ಬೆನ್ನುಹುರಿಗೆ ಪೆಟ್ಟಾಗಿರೋದು ಡಿ8ಕ್ಕ, ಅಂದ್ರ ನಡುಬೆನ್ನಿಗೆ, ಅದರ ಕೆಳಗ ನಂಗ ಬೆವರು ಬರಂಗಿಲ್ಲ, ಕಾವೆಲ್ಲ ಒಳಗೇ ಕುಂದ್ರತೈತಿ. ಅವ್ವ ಹಸಿ ಟವೆಲ್ ಹೆಗಲಿಗೆ ಹಾಕಿ ಹೋಗ್ತಾಳ, ಅದು ಒಣಗಿದ್ದು ನೋಡಿ ಯಾಕ ಕರೀಲಿಲ್ಲ ಅಂತ ಬೈತಾಳ.

ಹೋಗ್ಲಿ. ಮಧ್ಯಾಹ್ನ ಕಾರಟಗಿ ಕಡಿಂದ ಒಂದು ಫೋನ್ ಬಂತು. ಮಗ ರೈಸ್ ಮಿಲ್ಲಿನ್ಯಾಗ ಹಮಾಲಿ, ಒಟ್ಟಿದ ಚೀಲದ ಮ್ಯಾಲಿಂದ ಬಿದ್ದಾನ, ಬೆನ್ನುಹುರಿಗೆ ಪೆಟ್ಟು, ಡಿ12, ನಂದಕ್ಕಿಂತ ಕೆಳಗ, ಆಪರೇಷನ್ ಮಾಡಿ ಮನಿಗೆ ಕಳ್ಸ್ಯಾರ, ನನ್ ನಂಬರ್ ಫಿಜಿಯೋ ಮೇಡಮ್ ಕೊಟ್ರಂತ. ಮಗಗ ಕೇಳಬಾರ್ದಂತ ಅಪ್ಪ ಹೊರಗ ಬಂದು ಸಣ್ಣ ದನಿಲೆ ಮಾತಾಡಾಕತ್ತಿದ್ದ.

"ತಮ್ಮಾ, ನಡೀತಾನಲ್ಲ?"

ಇದು ಬರ್ತದಂತ ಗೊತ್ತಿತ್ತು. "ಕಾಕಾ, ಅದನ್ನ ನಾನ್ ಹೇಳಾಕಾಗಂಗಿಲ್ಲ, ಮೊದ್ಲು ಕುಂಡಿ ಮ್ಯಾಲೆ ಎಲ್ಲೆರ ಕೆಂಪಾಗೇತೇನ್ ನೋಡ್ರಿ, ಆಗಿದ್ರ ಬಟ್ಟಿಲೆ ಒತ್ರಿ, ಬೆಳ್ಳಗಾಗ್ಲಿಲ್ಲಂದ್ರ ಆ ಮಗ್ಗಲಿಗೆ ಭಾರ ಬೀಳ್ಬಾರ್ದು, ತಿಕ್ಕೂ ಬಾರ್ದು. 2 ತಾಸಿಗೊಮ್ಮೆ ಹೊಳ್ಳಸ್ರಿ."

"ರಾತ್ರಿನೂ?"

"ರಾತ್ರಿನೂ ಕಾಕಾ."

ಆಮ್ಯಾಲೆ ಸಿಂಧನೂರ ಕಡೆ ಯಾರೋ ಎಣ್ಣಿ ಕೊಡ್ತಾರಂತ ಅಂದ. ಬ್ಯಾಡ ಅಂದ್ರ ಬಿಡ್ತಾರೇನು, ನಮ್ ಮನ್ಯಾಗೂ ಯಾರ್ ಬಿಟ್ಟಿದ್ರು. ಶಾಖ ಮಾತ್ರ ಕೊಡಬ್ಯಾಡ್ರಿ, ಸುಟ್ರೂ ಅವಂಗ ಗೊತ್ತಾಗಂಗಿಲ್ಲ ಅಂತ ಅಷ್ಟೇ ಹೇಳ್ದೆ.

ಅಷ್ಟ್ರಾಗ ಒಳಗಿಂದ ಹುಡುಗ ಫೋನ್ ಕೊಡು ಅಂತ ಒದರಿದ. ನಮಸ್ಕಾರ ಇಲ್ಲ ಏನಿಲ್ಲ, ಸೀದಾ ಉಚ್ಚಿ ತಗಿಯೋ ಪೈಪಿನ ಮಾತು.

"ಅಣ್ಣಾ, ನಿಮ್ಗ ಪೈಪ್ ಯಾರ್ ಹಾಕ್ತಾರ?"

"ನಾನೇ ಹಾಕ್ಕೊಂತೀನಿ."

ಸುಮ್ಮನಾದ. ಕಟ್ಟಾತೇನೋ ಅಂತ ಫೋನ್ ತಗದು ನೋಡ್ದೆ.

"ನಂಗ ಅವ್ವ ಹಾಕ್ತಾಳ."

ನಡಿಯೋದ್ರ ಬಗ್ಗೆ ಕೇಳದವ್ರು ನಮ್ ಓಣ್ಯಾಗ ಯಾರೂ ಉಳಿದಿಲ್ಲ, ಬೀಗರು, ಹಾಲಿನವ, ಕರೆಂಟ್ ಬಿಲ್ ಕೊಡಾಕ ಬರೋನೂ ಕೇಳ್ಯಾನ. ಇದನ್ನ ಒಬ್ರೂ ಕೇಳಿಲ್ಲ. ದವಾಖಾನ್ಯಾಗ ನರ್ಸ್ ಅವ್ವಗ ಕಲ್ಸಿ ಕಳಿಸಿರ್ತಾರ, ಕೈ ಎರಡೂ ಛಲೋ ಇರೋ ಮಗ ಅಲ್ಲೇ ಗೋಡಿ ಕಡೆ ಮುಖ ಮಾಡಿ ಮಲ್ಗಿರ್ತಾನ. ನಂಗ್ಯಾಕೋ ವಿಪರೀತ ಸಿಟ್ಟು ಬಂತು, ಯಾರ ಮ್ಯಾಲಂತ ಗೊತ್ತಿಲ್ಲ.

ಎಲ್ಲಾ ಹೇಳ್ದೆ. ಸೋಪ್ ಹಚ್ಚಿ ಕೈ ತೊಳಿ, ಜೆಲ್ಲಿ ಹಚ್ಚು, ಅವಸರ ಮಾಡಬ್ಯಾಡ, ಒಳಗ ಹೋಗ್ಲಿಲ್ಲಂದ್ರ ದಬ್ಬಬ್ಯಾಡ, ಒಂದು ಉಸುರು ಬಿಟ್ಟು ಮತ್ತ ನೋಡು, 4ರಿಂದ 6 ತಾಸಿಗೊಮ್ಮೆ. ಮೊದಲ್ನೇ ಸಲ ಮಾಡೋವಾಗ ನರ್ಸ್ ಮುಂದ ಇರ್ಲಿ. ಎಲ್ಲಾ ಕೇಳಿ ಅವ, "ನೀರು ಕುಡಿಯೋದು ಕಮ್ಮಿ ಮಾಡೀನಿ ಅಣ್ಣಾ, ಅವ್ವಗ ಎಷ್ಟ್ ಸಲ ಅಂತ" ಅಂದ.

ಇಂಥಾ ಬ್ಯಾಸಿಗ್ಯಾಗ! ಬೈದೆ. "ಇನ್ಫೆಕ್ಷನ್ ಆಗಿ ನಡುಗಿ ಜ್ವರ ಬಂದ್ರ ನಿಮ್ಮವ್ವಗ ಕೆಲ್ಸ ಇನ್ನೂ ಜಾಸ್ತಿ ನೋಡು" ಅಂದೆ. ನಕ್ಕ ಅನ್ಸುತ್ತ.

ಸಂಜಿಕ ಬಿಎಲ್‌ಓ (ವೋಟರ್ ಲಿಸ್ಟ್ ನೋಡ್ಕೊಳ್ಳೋರು) ಸಿಕ್ಕಿದ್ರು, ಮೇ 7ಕ್ಕ ವೋಟ್, ಮನಿಯಿಂದಾನೇ ಹಾಕೋ ಫಾರ್ಮ್ ತುಂಬಬೇಕಿತ್ತಲ್ಲ ಅಂತ. ನಾ ಬೂತಿಗೇ ಬರೋವ, ಅದ್ನೂ ಮನ್ಯಾಗೇ ಹಾಕಿದ್ರ ಹೊರಗ ಹೋಗಾಕ ನೆಪ ಎಲ್ಲೈತಿ.

ನಾಳೆ ಕಾರಟಗಿಗೆ ಹೋಗೋಣಂತ, ಫೋನಿನ್ಯಾಗ ಹೇಳೋದು ಬ್ಯಾರೆ, ಎದುರಿಗೆ ಕುಂತು ತೋರ್ಸೋದು ಬ್ಯಾರೆ. ಮಾವ ಆಟೋ ತರ್ತೀನಿ ಅಂದಾನ, ಆರಕ್ಕ ಬಿಟ್ರ ಬಿಸಿಲೇರೋದ್ರಾಗ ವಾಪಸ್. ಅವ್ವ ಬ್ಯಾಡಂತಾಳ. ಅವರ ಬಾಗ್ಲಿಗೆ ಎಷ್ಟು ಮೆಟ್ಲ ಅದಾವೋ ಏನೋ, ಎರಡಾದ್ರ ಮಾವ ಒಬ್ನೇ ಎತ್ತತಾನ, ಜಾಸ್ತಿ ಇದ್ರ ಆ ಹುಡುಗನ್ನೇ ಹೊರಗ ಕರಸ್ಬೇಕು.