ನಮ್ಮನೆ ಹಸ ಈ ಕಡೆ ಬಂತಾ?

ಕಾಡಿಗೆಯಲ್ಲಿ ಬರೆದ ಮೀಸೆ, ಹೆಗಲ ಮೇಲೊಂದು ಟವೆಲ್. ನನ್ನ ಗೆಳತಿ ಗಂಡನಾಗಲು ಅಷ್ಟು ಸಾಕಾಗಿತ್ತು. ನಾನು ಹೆಂಡತಿ. ಕುಂಕುಮಕ್ಕೆ ಒಂಚೂರು ಕಾಡಿಗೆ ಬೆರೆಸಿ ಕೆನ್ನೆಗೆ ಬಳಿದುಕೊಂಡಿದ್ದೆ, ಏಟು ಬಿದ್ದ ಗುರುತಿಗೆ. ಅವಳು ಕೈ ಎತ್ತಿದಾಗೆಲ್ಲ ಹಿಂದೆ ನಿಂತವರು ಚಪ್ಪಾಳೆ ಹೊಡೆದು ಏಟಿನ ಸದ್ದು ಮಾಡುತ್ತಿದ್ದರು.

2009ರ ಡಿಸೆಂಬರ್. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ. ಮೈಸೂರಿನಿಂದ ಹೊರಟು ಪಾಂಡವಪುರ ತಾಲ್ಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಒಂದು ಊರಿಗೆ ಹೋಗಿದ್ದೆವು. ಏಳು ದಿನ. ಬೆಳಿಗ್ಗೆ ಚರಂಡಿ ತೆಗೆಯುವುದು, ಶಾಲೆ ಗೋಡೆಗೆ ಸುಣ್ಣ ಹೊಡೆಯುವುದು. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಗಾಳಿ ಬಂದರೆ ಆಲೆಮನೆಯ ವಾಸನೆ. ರಾತ್ರಿ ಅರಳಿಕಟ್ಟೆ ಮುಂದೆ ಬೀದಿ ನಾಟಕ. ಹೆಂಡತಿಗೆ ಹೊಡೆಯುವುದು ತಪ್ಪು ಅಂತ ಊರಿಗೆ ಹೇಳಿಕೊಡಲು ಹೋಗಿದ್ದೆವು. ನನಗೆ ಆಗ ಹತ್ತೊಂಬತ್ತು.

ನಾಟಕ ಮುಗಿಯಿತು. ಗಂಡಸರು ಬೀಡಿ ಹಚ್ಚಿಕೊಂಡು ಎದ್ದು ಹೋದರು. ನಾನು ಬೋರ್‌ವೆಲ್ ಹತ್ತಿರ ಮುಖ ತೊಳೆಯುತ್ತಿದ್ದೆ. ಒಬ್ಬರು ಹೆಂಗಸು ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕೆನ್ನೆಯ ಬಣ್ಣ ನೋಡಿದರು.

"ಏಟು ಇಲ್ಲಿ ಬೀಳಾಕಿಲ್ಲ ಕಣವ್ವ. ನಾಕ್ ಜನಕ್ಕೆ ಕಾಣೋ ಜಾಗಕ್ಕೆ ಯಾರ್ ಹೊಡೆದಾರು?"

ಆಮೇಲೆ ನನ್ನ ಬೆನ್ನ ಮೇಲೆ, ರವಿಕೆಯೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಎರಡು ಬೆರಳು ಇಟ್ಟು ತೋರಿಸಿದರು. "ಇಲ್ಲಿ." ಕೈ ತೆಗೆದ ಮೇಲೂ ಆ ಜಾಗ ತಣ್ಣಗಿತ್ತು. "ನೀವು ಏಳ್ ದಿನ ಇದ್ದು ಹೊಯ್ತೀರಿ. ಎಂಟ್ನೇ ದಿನ ಯಾರ್ ಬತ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಂದಿಗೆ ತುಂಬಿಕೊಂಡು ಹೊರಟುಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಮ್ಮ ಎನ್‌ಎಸ್‌ಎಸ್ ಮೇಡಂಗೆ ಹೇಳಿದೆ. ಅವರು ನಾಟಕ ನಿಲ್ಲಿಸಿಬಿಟ್ಟರು. ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಶಾಲೆ ಕೊಠಡಿಗೆ ಕರೆಸಿ, "ಇವತ್ತು ನೀವು ಹೇಳಿ, ನಾವು ಕೇಳುತ್ತೇವೆ" ಅಂದರು. ನಾನು ಕಂಡ ಒಳ್ಳೆಯ ಪಾಠಗಳಲ್ಲಿ ಅದೂ ಒಂದು.

ಮೊದಲು ಬಿದ್ದದ್ದೇ ನಮ್ಮ ನಾಟಕದ ಕುಡುಕ ಗಂಡ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತ್ತು. "ಸಾರಾಯಿ ನಿಂತ್ರೂ ಕೈ ನಿಂತಿಲ್ಲ. ಕುಡೀದೆ ಹೊಡೆಯೋರೂ ಅವ್ರೆ," ಅಂದರು ಒಬ್ಬರು. ಸಾರಿಗೆ ಉಪ್ಪು ಜಾಸ್ತಿ ಆದರೂ ಏಟು, ತವರಿಗೆ ಫೋನ್ ಮಾಡಿದರೂ ಏಟು.

ಮೇಡಂ ಕಾನೂನಿನ ಮಾತು ತೆಗೆದರು. ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಹೊಡೆತ ಒಂದೇ ಅಲ್ಲ, ಬೈಗುಳ, ಹಂಗಿಸುವುದು, ಖರ್ಚಿಗೆ ಕೊಡದೆ ಇರುವುದು ಎಲ್ಲ ಅದರಲ್ಲಿ ಬರುತ್ತದೆ. ಮನೆ ಗಂಡನ ಹೆಸರಲ್ಲೇ ಇದ್ದರೂ ಹೆಂಡತಿಯನ್ನು ಸುಮ್ನೆ ಬೀದಿಗೆ ಹಾಕುವಂತಿಲ್ಲ. ಹೆಂಗಸರು ಕತ್ತೆತ್ತಿ ನೋಡಿದ್ದು ಮಾತ್ರ ಇನ್ನೊಂದು ವಿಷಯಕ್ಕೆ. ದೂರು ಕೊಡಬೇಕಾದವಳು ಏಟು ತಿಂದವಳೇ ಆಗಬೇಕಿಲ್ಲ. ಪಕ್ಕದ ಮನೆಯವರೂ ಸಂರಕ್ಷಣಾಧಿಕಾರಿಗೆ, ಅಂದರೆ ಈ ಕಾಯ್ದೆಗೆಂದೇ ಸರ್ಕಾರ ನೇಮಿಸುವ ಅಧಿಕಾರಿಗೆ, ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ.

"ಅಂದ್ರೆ ನಾನ್ ಹೋಗಿ ಹೇಳ್ಬೋದಾ?" ಅಂತ ಒಬ್ಬ ಅಜ್ಜಿ ಎರಡು ಸಲ ಕೇಳಿದರು.

ಅದಕ್ಕೆ ಹಿಂದಿನ ವರ್ಷ, 2008ರಲ್ಲಿ, ಬ್ರೇಕ್‌ಥ್ರೂ ಸಂಸ್ಥೆಯವರ 'ಬೆಲ್ ಬಜಾವೋ' ಪ್ರಚಾರ ಟಿವಿಯಲ್ಲಿ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಏಟಿನ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಚೆಂಡು ಬಂತಾ ಅಂತಲೋ, ಒಂದು ಲೋಟ ಹಾಲು ಕೊಡಿ ಅಂತಲೋ ಕೇಳುವುದು. ಜಗಳ ಇಲ್ಲ, ಉಪದೇಶ ಇಲ್ಲ. ಹೊಡೆಯುವವನ ಕೈ ಅಲ್ಲಿಗೆ ನಿಲ್ಲಬೇಕು, ಹೊರಗೆ ಕೇಳಿಸುತ್ತಿದೆ ಅಂತ ಅವನಿಗೆ ಗೊತ್ತಾಗಬೇಕು, ಅಷ್ಟೇ. ನಾನು ಎದ್ದು ಇದನ್ನು ಹೇಳಿದೆ.

"ನಮ್ ಮನೆಗಳಲ್ಲಿ ಬೆಲ್ ಎಲ್ಲದೆ?" ಅಂದರು ಒಬ್ಬರು. "ದೀಪ ಹಚ್ಚಿದ ಮ್ಯಾಲೆ ಹಾಲು-ಮೊಸರು ಯಾರ್ ಕೊಟ್ಟಾರು? ಕೇಳೋದೂ ತಪ್ಪು," ಅಂದರು ಇನ್ನೊಬ್ಬರು. ಉಪ್ಪೂ ಆಗಲ್ಲ, ದುಡ್ಡೂ ಆಗಲ್ಲ. ಮತ್ತೆ ಏನು ಕೇಳುವುದು? ಅರ್ಧ ಗಂಟೆ ಅದೇ ಚರ್ಚೆ. ಕೊನೆಗೆ ಬೋರ್‌ವೆಲ್ ಹತ್ತಿರ ಸಿಕ್ಕಿದ್ದ ಆ ಹೆಂಗಸೇ ಗೋಡೆ ಪಕ್ಕದಿಂದ ಹೇಳಿದರು: "ಹಸ ಬಿಚ್ಕಂಡದೆ ಅಂದ್ರಾಯ್ತು. ರಾತ್ರಿ ಹನ್ನೆರಡಕ್ಕೂ ಹೋಗಿ ಕೇಳ್ಬೋದು."

ಯಾರೂ ನಗಲಿಲ್ಲ. ಹಸು ಹಗ್ಗ ಬಿಚ್ಚಿಕೊಂಡರೆ ಆ ಊರಲ್ಲಿ ಯಾರು ಬೇಕಾದರೂ ಯಾರ ಬಾಗಿಲನ್ನಾದರೂ ತಟ್ಟಬಹುದು. ಗಂಡಸು ಎದ್ದು ಲಾಟೀನು ಹಿಡಿದು ಹೊರಗೆ ಬರಲೇಬೇಕು.

ಶಿಬಿರ ಮುಗಿದು ಬಂದೆವು. ಯುಗಾದಿ ಮುಂಚೆ ಒಂದು ಭಾನುವಾರ ನಾವು ನಾಲ್ಕು ಜನ ಮತ್ತೆ ಆ ಊರಿಗೆ ಹೋದೆವು. ಅಷ್ಟರಲ್ಲಿ ಹಸು ಮೂರು ಸಲ ಬಿಚ್ಚಿಕೊಂಡಿತ್ತು. ಮೂರನೆಯ ಸಲ ಒಬ್ಬರಲ್ಲ, ಬೀದಿಯ ಆರು ಹೆಂಗಸರು ಒಟ್ಟಿಗೆ ಹುಡುಕಲು ಹೋಗಿದ್ದರು. ಆ ಮನೆಯ ಹುಡುಗಿಯ ಕೈ ಮುರಿದಿತ್ತು. ಅವಳನ್ನು ಕರೆದುಕೊಂಡು ಠಾಣೆಗೆ ಹೋದರೆ, "ಗಂಡ ಹೆಂಡ್ತಿ ವಿಷಯ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ವಾಪಸ್ ಕಳಿಸಲು ನೋಡಿದರಂತೆ. ಆರೂ ಜನ ಮೆಟ್ಟಿಲ ಮೇಲೆ ಕೂತರು. ಸಂಜೆ ನಾಲ್ಕಕ್ಕೆ ದೂರು ಬರೆದುಕೊಂಡರು. ಹಾಲು ಕರೆಯುವ ಹೊತ್ತು ಮೀರಿತ್ತು ಅನ್ನುವುದೊಂದೇ ಅವರಿಗಿದ್ದ ಬೇಜಾರು.

ಬಾಗಿಲು ತಟ್ಟಿದರೆ ಆ ರಾತ್ರಿಯ ಏಟು ನಿಲ್ಲುತ್ತದೆ, ಬಾಳು ಸರಿಹೋಗುವುದಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮೆಟ್ಟಿಲ ಮೇಲೆ ಕೂತದ್ದು.

ಆಮೇಲೆ ಓದು, ಕೆಲಸ, ಮದುವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಅಂಕಿ ಪತ್ರಿಕೆಯಲ್ಲಿ ಬಂದಾಗ ಎರಡು ಸಲ ಓದಿದೆ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದರು. 2015-16ರ ಸುತ್ತಿನಲ್ಲಿ ಅದು ಶೇ. 20.6 ಇತ್ತು. ನನಗೆ ನೆನಪಾದದ್ದು ಬೆನ್ನ ಮೇಲಿನ ಆ ಎರಡು ಬೆರಳು.

2020ರ ಲಾಕ್‌ಡೌನ್. ಕುವೆಂಪುನಗರದಲ್ಲಿ ನಮ್ಮದು ಬಾಡಿಗೆ ಮನೆ. ಒಂದು ರಾತ್ರಿ ಮೇಲಿನ ಮನೆಯಿಂದ ಸದ್ದು. ಮೊದಲು ಪಾತ್ರೆ ಬಿದ್ದ ಹಾಗೆ, ಆಮೇಲೆ ಹಾಗಲ್ಲ. ನಾನು ಮಾಸ್ಕ್ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಹಿಂದೆಯೇ ನಮ್ಮವರೂ ಬಂದರು. ಬೆಲ್ ಒತ್ತಿದೆ. ಬಾಗಿಲು ತೆಗೆಯುವಷ್ಟು ಹೊತ್ತು ನನ್ನ ಕಾಲು ನಡುಗುತ್ತಿತ್ತು.

"ನಿಮ್ಮನೇಲಿ ನೀರು ಬರ್ತಿದೆಯಾ? ನಮ್ಮಲ್ಲಿ ನಿಂತುಹೋಗಿದೆ."

"ಬರ್ತಿದೆ," ಅಂದರು ಆತ. ಅವರ ಹಿಂದೆ ಆಕೆ ಸೆರಗನ್ನು ಬೆನ್ನ ಮೇಲೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಆ ರಾತ್ರಿ ಸದ್ದು ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬೆಲ್ ಆಯಿತು. ಆಕೆ ಒಂದು ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದರು. "ಹೆಪ್ಪಿಗೆ ಒಂಚೂರು ಮೊಸರು ಇದೆಯಾ?" ಅಂದರು. ಒಳಗೆ ಕರೆದೆ. ಮಾತಾಡಿ ಎದ್ದಾಗ ಹನ್ನೆರಡೂವರೆ. ಬಟ್ಟಲು ನಮ್ಮ ಮೇಜಿನ ಮೇಲೆಯೇ ಉಳಿದಿತ್ತು. ಸಂಜೆಯಾಗುವುದರೊಳಗೆ, ದೀಪ ಹಚ್ಚುವ ಮುಂಚೆ, ಮೊಸರು ಹಾಕಿಕೊಂಡು ಮೇಲೆ ಹೋಗಿ ಕೊಟ್ಟು ಬಂದೆ.