ಲೈಟಿಂಗ್ ಮಾಡಿದವರು ಯಾರು ಮಾರಾಯ್ರೆ?

ನಾಟಕದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ನೋಡುವುದು ಕೆಳಗಿನ ಸಾಲುಗಳನ್ನು. ರಚನೆ, ನಿರ್ದೇಶನ, ಸಂಗೀತ ಎಲ್ಲ ದಪ್ಪ ಅಕ್ಷರದಲ್ಲಿ ಇರುತ್ತವೆ. ಪ್ರಸಾಧನಕ್ಕೂ ಒಂದು ಹೆಸರು ಇರುತ್ತದೆ. ಆಮೇಲೆ ‘ಧ್ವನಿ ಮತ್ತು ಬೆಳಕು’ ಅಂತ ಒಂದು ಸಾಲು, ಅದರ ಮುಂದೆ ಯಾವುದೋ ಸೌಂಡ್ಸ್ ಅಂಗಡಿಯ ಹೆಸರು. ಲೈಟು ಬಾಡಿಗೆಗೆ ಕೊಟ್ಟವರು ಯಾರು ಅಂತ ಗೊತ್ತಾಯಿತು, ಸರಿ. ಆ ಲೈಟು ಎಲ್ಲಿ ಕಟ್ಟಬೇಕು, ಯಾವ ಮಾತಿಗೆ ಏರಬೇಕು, ಯಾವಾಗ ಇಳಿಯಬೇಕು ಅಂತ ತಲೆ ಕೆಡಿಸಿಕೊಂಡವರು ಯಾರು? ತಬಲಾ ಮಾರಿದ ಅಂಗಡಿಯ ಹೆಸರು ಹಾಕಿ, ನುಡಿಸಿದವರನ್ನು ಬಿಟ್ಟ ಹಾಗಾಯಿತು ಇದು.

ಉಡುಪಿಯಲ್ಲಿ ನಾಟಕ ನೋಡುವವರಿಗೇನೂ ಬರ ಇಲ್ಲ. ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಲ್ಲಿ ನಾಟಕ ಇದ್ದರೆ ಜನ ಬರುತ್ತಾರೆ, ಮುಗಿದ ಮೇಲೆ ಹೊರಗೆ ನಿಂತು ನಟನೆ, ರಂಗಸಜ್ಜಿಕೆ, ಹಾಡು ಎಲ್ಲದರ ಬಗ್ಗೆ ಜೋರಾಗಿ ಮಾತಾಡುತ್ತಾರೆ. ಬೆಳಕಿನ ವಿಷಯ ಬರುವುದು ಏನಾದರೂ ಕೆಟ್ಟಾಗ ಮಾತ್ರ. ‘ಲೈಟ್ ಸಾಲದು ಮಾರಾಯ್ರೆ, ಮುಖವೇ ಕಾಣಲಿಲ್ಲ.’ ಮುಖ ಕಾಣುವುದೇ ಬೆಳಕಿನ ಕೆಲಸ ಅಂತಾದರೆ ನಾಲ್ಕು ಟ್ಯೂಬ್‌ಲೈಟ್ ಸಾಕು, ಅಲ್ವಾ?

ಒಂದು ದೃಶ್ಯ ತೆಗೆದುಕೊಳ್ಳಿ. ತಾಯಿ ಕುರ್ಚಿಯಲ್ಲಿ ಕೂತು ಮಗನ ಕಾಗದ ಓದುತ್ತಿದ್ದಾಳೆ. ಎದುರಿನಿಂದ ಎರಡು ಲೈಟು ನೇರ ಬಿಟ್ಟರೆ ಮುಖ ಚಪ್ಪಟೆ ಆಗುತ್ತದೆ, ಕಣ್ಣಿನ ಕೆಳಗಿನ ಗೆರೆಗಳೆಲ್ಲ ಮಾಯ. ಅದನ್ನೇ ಎಡಬದಿಯಿಂದ ಸ್ವಲ್ಪ ಎತ್ತರದಲ್ಲಿ ಕಟ್ಟಿ ನೋಡಿ. ಬಲಗೆನ್ನೆ ಕತ್ತಲಿಗೆ ಸೇರುತ್ತದೆ, ಕಾಗದ ಹಿಡಿದ ಬೆರಳುಗಳ ನೆರಳು ಸೀರೆಯ ಮೇಲೆ ಬೀಳುತ್ತದೆ. ನಟಿ ಏನೂ ಜಾಸ್ತಿ ಮಾಡಿಲ್ಲ, ಆದರೆ ಆ ಹೆಂಗಸಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದ ಹಾಗೆ ಕಾಣುತ್ತದೆ. ಈಗ ಬೆಳಕು ಏರಿಸಿ ಇಳಿಸುವ ಡಿಮ್ಮರ್ ನಿಧಾನ ಇಳಿಸಿ. ಹ್ಯಾಲೊಜೆನ್ ಇಳಿಯುತ್ತಾ ಇಳಿಯುತ್ತಾ ಕೆಂಪಗಾಗುತ್ತದೆ, ಸಂಜೆ ತಾನಾಗಿಯೇ ಬರುತ್ತದೆ. ಮಾಮೂಲಿ ಎಲ್‌ಇಡಿ ಹಾಗಲ್ಲ, ಅದು ಸುಮ್ನೆ ಮಂಕಾಗುತ್ತದೆ, ಬಣ್ಣ ಬೇಕಾದರೆ ನೀವೇ ಬೇರೆ ಸೇರಿಸಬೇಕು. ಮೂರು ಸೆಕೆಂಡಿನಲ್ಲಿ ಇಳಿಸಿದರೆ ದೃಶ್ಯ ಮುಗಿಯಿತು ಅಂತ ಜನ ಚಪ್ಪಾಳೆ ತಟ್ಟುತ್ತಾರೆ. ಹನ್ನೆರಡು ಸೆಕೆಂಡು ತೆಗೆದುಕೊಂಡರೆ ಅವಳ ಜೊತೆ ಕೂತಿರುತ್ತಾರೆ. ಇದನ್ನು ನಿರ್ಧಾರ ಮಾಡಿದವರು ಎಲೆಕ್ಟ್ರಿಷಿಯನ್ನಾ?

ಹೊರಗಿನವರೂ ಇದನ್ನು ಒಪ್ಪಿಕೊಳ್ಳಲು ಟೈಮ್ ತೆಗೆದುಕೊಂಡರು. ಅಮೆರಿಕದ ಯೇಲ್‌ನಲ್ಲಿ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್, ರಂಗದ ಒಂದೊಂದು ಜಾಗಕ್ಕೂ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದು ಬೆಚ್ಚಗಿನ, ಒಂದು ತಣ್ಣಗಿನ ಬಣ್ಣದ ಲೈಟು ಕೊಡುವ ಕ್ರಮವನ್ನು 1932ರಲ್ಲೇ ಪುಸ್ತಕ ಮಾಡಿ ಕೊಟ್ಟಿದ್ದರು. ಆದರೂ ಅಲ್ಲಿನ ರಂಗಭೂಮಿಗೆ ಅಂತ 1947ರಲ್ಲಿ ಶುರುವಾದ ಟೋನಿ ಪ್ರಶಸ್ತಿಯಲ್ಲಿ ಬೆಳಕಿನ ವಿನ್ಯಾಸಕ್ಕೆ ಬೇರೆ ಪ್ರಶಸ್ತಿ ಬಂದದ್ದು 1970ರಲ್ಲಿ. ನಮ್ಮ ದೇಶದಲ್ಲಿ ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಇದ್ದರು. 1959ರಲ್ಲಿ ಕೋಲ್ಕತ್ತದ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ಕಲ್ಲಿದ್ದಲ ಗಣಿಯಲ್ಲಿ ನೀರು ನುಗ್ಗುವುದನ್ನು ಬರೀ ಬೆಳಕಿನಲ್ಲೇ ತೋರಿಸಿದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅವರಿಗೆ ಬಂತು. ಅಕಾಡೆಮಿಯೇ ಒಪ್ಪಿಕೊಂಡದ್ದನ್ನು ನಮ್ಮ ಆಮಂತ್ರಣ ಪತ್ರಿಕೆ ಇನ್ನೂ ಒಪ್ಪಿಕೊಂಡಿಲ್ಲ! ಕಾನೂನೂ ಅಷ್ಟಕ್ಕಷ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆ ನಾಟಕ ಕೃತಿ ಅಂದರೆ ಏನು ಅಂತ ಹೇಳುವಾಗ ರಂಗದ ಜೋಡಣೆಯ ಮಾತು ಎತ್ತುತ್ತದೆ, ಬೆಳಕು ಅಂತ ಹೆಸರು ಹಿಡಿದು ಹೇಳುವುದಿಲ್ಲ.

ನನಗೆ ಜಾಸ್ತಿ ಬೇಸರ ಆಗುವುದು ನಮ್ಮ ಕರಾವಳಿಯವರೇ ಹೀಗೆ ಮಾಡುತ್ತಾರಲ್ಲ ಅಂತ. ರಾತ್ರಿಯ ಬೆಳಕಿನಲ್ಲಿ ಯಕ್ಷಗಾನದ ಆಟ ಕಟ್ಟುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ, ಬಣ್ಣದ ವೇಷವನ್ನು (ರಕ್ಕಸನ ವೇಷ) ಹತ್ತಿರದಿಂದ ನೋಡಿದ್ದೀರಾ? ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಚುಟ್ಟಿ ಇಡುತ್ತಾರೆ, ಗಂಟೆಗಟ್ಟಲೆ ಕೆಲಸ. ಆ ಒಂದೊಂದು ಮುಳ್ಳಿಗೂ ಒಂದು ನೆರಳು ಬೇಕು, ಅಲುಗಾಡುವ ನೆರಳು. ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆಂದು ಏಳುವ ಜ್ವಾಲೆಯಲ್ಲಿ ರಕ್ಕಸನ ಮುಖ ಒಂದು ಕ್ಷಣ ಕಂಡು ಮತ್ತೆ ಅರ್ಧ ಕತ್ತಲಾಗುವುದಿದೆಯಲ್ಲ, ಅದಕ್ಕಿಂತ ದೊಡ್ಡ ಲೈಟ್ ಕ್ಯೂ, ಅಂದರೆ ಬೆಳಕು ಬದಲಾಗುವ ಗಳಿಗೆ, ನಾನಂತೂ ನೋಡಿಲ್ಲ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಅದು ಹೋಗಿ ಟ್ಯೂಬ್‌ಲೈಟ್, ಈಗ ಕಣ್ಣು ಕುಕ್ಕುವ ಎಲ್‌ಇಡಿ ಫ್ಲಡ್. ಬಿಳಿ ಬೆಳಕಿನಲ್ಲಿ ಚುಟ್ಟಿಯ ಮುಳ್ಳುಗಳೆಲ್ಲ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತವೆ. ವಿದ್ಯುತ್ ಬೇಡ ಅಂತ ನಾನು ಹೇಳುತ್ತಿಲ್ಲ, ಹಿಂದಿನ ಸಾಲಿನ ಅಜ್ಜನಿಗೂ ಆಟ ಕಾಣಬೇಕು. ಆದರೆ ಈ ಬದಲಾವಣೆಯನ್ನು ಕಲಾವಿದರು ಯಾರೂ ಕೂತು ಯೋಚನೆ ಮಾಡಿದ ಹಾಗೆ ನನಗೆ ಕಾಣುವುದಿಲ್ಲ. ಬಲ್ಬು ಬಂತು, ಕಟ್ಟಿದರು, ಅಷ್ಟೆ. ಬೆಳಕು ಒಬ್ಬರ ಕೆಲಸ ಅಂತ ಒಪ್ಪದಿದ್ದರೆ ಆಗುವುದು ಇದೇ.

ನಾಟಕದಲ್ಲೂ ಹೀಗೇ. ಲೈಟಿಂಗ್ ಮಾಡುವವರಿಗೆ ಸ್ಕ್ರಿಪ್ಟ್ ಸಿಗುವುದು ಶೋ ಹಿಂದಿನ ದಿನ, ಕೆಲವೊಮ್ಮೆ ಅದೂ ಇಲ್ಲ. ಸ್ಪರ್ಧೆಯಾದರೆ ಹಾಲ್ ಸಿಗುವುದು ಅದೇ ದಿನ, ಸೆಟ್ ಏಳುವಷ್ಟರಲ್ಲಿ ಸಂಜೆ. ಏಣಿ ಹತ್ತಿ ಲೈಟು ತಿರುಗಿಸುವಾಗ ಕೆಳಗಿನಿಂದ ‘ಇನ್ನು ಸಾಕು, ಜನ ಬಂದರು’ ಅಂತ ಕೂಗು. ಇಷ್ಟು ಮಾಡಿ ಆಮೇಲೆ ಬೆಳಕಿಗೆ ಬಹುಮಾನ ಇಟ್ಟರೆ ಏನು ಬಂತು? ಬಹುಮಾನ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಲೈಟಿಂಗ್ ಮಾಡುವವರನ್ನು ನಾಟಕದ ಮೊದಲ ಓದಿನ ದಿನವೇ ಕರೆದು ಕೂರಿಸಿ. ಸಂಗೀತದವರಿಗೆ ಕೊಡುವಷ್ಟಾದರೂ ಸಂಭಾವನೆ ಕೊಡಿ. ಆಮಂತ್ರಣ ಪತ್ರಿಕೆಯಲ್ಲಿ ‘ಬೆಳಕಿನ ವಿನ್ಯಾಸ’ ಅಂತ ಬೇರೆ ಸಾಲು ಹಾಕಿ, ಬಾಡಿಗೆಯವರದ್ದು ಅದರ ಕೆಳಗೆ ಇರಲಿ.

ಇನ್ನೊಂದು. ನಾಟಕ ಮುಗಿದ ಮೇಲೆ ಸ್ಕ್ರಿಪ್ಟ್ ಉಳಿಯುತ್ತದೆ, ಹಾಡು ಮೊಬೈಲಿನಲ್ಲಿ ಉಳಿಯುತ್ತದೆ, ವೇಷ ಪೆಟ್ಟಿಗೆಗೆ ಹೋಗುತ್ತದೆ. ಬೆಳಕಿನದ್ದು ಏನೂ ಇಲ್ಲ. ವಿಡಿಯೋದಲ್ಲಿ ನೋಡೋಣ ಅಂದರೆ ಕ್ಯಾಮೆರಾ ಕತ್ತಲನ್ನೆಲ್ಲ ಬೂದಿ ಬಣ್ಣ ಮಾಡಿಟ್ಟಿರುತ್ತದೆ. ಉಳಿಯುವುದಿದ್ದರೆ ಯಾವ ಮಾತಿಗೆ ಯಾವ ಲೈಟು ಅಂತ ಬರೆದಿಟ್ಟ ಕ್ಯೂ ಶೀಟ್ ಒಂದೇ, ಅದನ್ನೂ ಹಾಲ್ ಗುಡಿಸುವಾಗ ಕಸಕ್ಕೆ ಹಾಕುತ್ತಾರೆ. ನಿಮ್ಮ ತಂಡದ ಹಳೆಯ ಫೈಲಿನಲ್ಲಿ ಅಂಥದ್ದೊಂದು ಹಾಳೆ ಇದ್ದರೆ, ಪೆನ್ಸಿಲಿನಲ್ಲಿ ಗೀಚಿದ್ದಾದರೂ ಪರವಾಗಿಲ್ಲ, ಫೋಟೋ ತೆಗೆದು ಇಡಿ, ಮಾಡಿದವರ ಹೆಸರು ಮೂಲೆಯಲ್ಲಿ ಬರೆಯಿರಿ. ನನಗೂ ಒಂದು ಪ್ರತಿ ಕಳಿಸಿದರೆ ಖುಷಿ.