ನಲವತ್ತೈದರ ಗೆರೆ: ವಿಜ್ಞಾನ ಯುವ ಪುರಸ್ಕಾರಕ್ಕೆ ಹೆಸರು ಕಳಿಸುವವರಿಗೆ

2024ರ ಆಗಸ್ಟ್ 22ರಂದು ರಾಷ್ಟ್ರಪತಿ ಭವನದ ಗಣತಂತ್ರ ಮಂಟಪದಲ್ಲಿ ಮೊಟ್ಟಮೊದಲ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳನ್ನು ಕೊಟ್ಟರು. ಒಟ್ಟು 33. ಅದರಲ್ಲಿ 18 ಪುರಸ್ಕಾರಗಳು ‘ವಿಜ್ಞಾನ ಯುವ – ಶಾಂತಿ ಸ್ವರೂಪ್ ಭಟ್ನಾಗರ್’ ಹೆಸರಿನವು, 45 ವರ್ಷದವರೆಗಿನವರಿಗೆ ಮೀಸಲು. ಜೀವವಿಜ್ಞಾನ ಮತ್ತು ವೈದ್ಯಕೀಯ ಎರಡೂ ಸೇರಿ ಈ ಹದಿನೆಂಟರಲ್ಲಿ ನಾಲ್ವರಿದ್ದರು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರವಿಂದ್ ಪೆನ್ಮತ್ಸ, ಭೋಪಾಲದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನ ರಾಧಾಕೃಷ್ಣನ್ ಮಹಾಲಕ್ಷ್ಮಿ, ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ಡಾ. ಜಿತೇಂದ್ರ ಕುಮಾರ್ ಸಾಹು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಡಾ. ಪ್ರಜ್ಞಾ ಯಾದವ್.

ಅದೇ ದಿನ ಅತ್ಯುನ್ನತ ‘ವಿಜ್ಞಾನ ರತ್ನ’ ಸಂದದ್ದು ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ. ಮಲೇರಿಯಾದ ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ನನ್ನೇ ತಿಂದು ಬದುಕುತ್ತೆ, ಅದರಲ್ಲಿ ಹೀಮ್‌ಗೆ, ಅಂದರೆ ಕಬ್ಬಿಣವಿರುವ ಭಾಗಕ್ಕೆ, ಕೊರತೆಯಿಲ್ಲ. ಆದರೂ ಅದು ತನಗೆ ಬೇಕಾದ ಹೀಮ್ ಅನ್ನು ತಾನೇ ತಯಾರಿಸಿಕೊಳ್ಳುತ್ತೆ ಎಂದು ತೋರಿಸಿಕೊಟ್ಟವರು ಅವರು. ಎಂಬತ್ತು ದಾಟಿದವರ ದಶಕಗಳ ಕೆಲಸಕ್ಕೊಂದು ಪದಕ, ನಲವತ್ತೈದರೊಳಗಿನವರ ಹತ್ತು ವರ್ಷದ ಕೆಲಸಕ್ಕೊಂದು ಪದಕ, ಎರಡೂ ಒಂದೇ ವೇದಿಕೆಯಲ್ಲಿ. ಆ ಹತ್ತು ವರ್ಷ ಎಲ್ಲರಿಗೂ ಹತ್ತೇ ವರ್ಷವಾಗಿರುತ್ತದೆಯೇ ಅನ್ನುವುದೇ ಈ ಬರಹದ ವಿಷಯ.

ಪೆನ್ಮತ್ಸ ಅವರ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಸ್ಟಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೆಲವು ಪ್ರೋಟೀನ್ ಪಂಪುಗಳಿವೆ. ಒಳಗೆ ಬಂದ ಔಷಧವನ್ನು ಅವು ಹೊರಗೆ ಎಸೆಯುತ್ತವೆ, ಆ್ಯಂಟಿಬಯಾಟಿಕ್ ಕೆಲಸ ಮಾಡದಿರಲು ಇದೂ ಒಂದು ಕಾರಣ. ಪಂಪಿನ ಆಕಾರ ತಿಳಿಯಬೇಕೆಂದರೆ ಅದನ್ನು ಪೊರೆಯಿಂದ ಬಿಡಿಸಿ ತೆಗೆಯಬೇಕು, ಕಷ್ಟ ಶುರುವಾಗುವುದು ಅಲ್ಲೇ. ಎಣ್ಣೆಯಂಥ ಪೊರೆಯಲ್ಲಿ ನೆಟ್ಟಗೆ ನಿಂತಿದ್ದ ಪ್ರೋಟೀನು ನೀರಿಗೆ ಬಂದೊಡನೆ ಮುದ್ದೆಯಾಗುತ್ತೆ. ಅದನ್ನು ತಡೆಯಲು ಡಿಟರ್ಜೆಂಟ್ ಬೇಕು. ಯಾವ ಡಿಟರ್ಜೆಂಟ್, ಎಷ್ಟು ಅನ್ನುವುದನ್ನು ಒಂದೊಂದಾಗಿ ಹಾಕಿ ನೋಡಿಯೇ ಕಂಡುಕೊಳ್ಳಬೇಕು. ಲೀಟರ್‌ಗಟ್ಟಲೆ ಬ್ಯಾಕ್ಟೀರಿಯಾ ಬೆಳೆಸಿದರೆ ಕೈಗೆ ಸಿಗುವುದು ಕೆಲವೇ ಮಿಲಿಗ್ರಾಂ. ಅದಾದ ಮೇಲೂ ಪಂಪು ಒಂದೇ ಭಂಗಿಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಒಳಮುಖ, ಒಮ್ಮೆ ಹೊರಮುಖ. ಎಕ್ಸ್‌ರೇ ಹಾಯಿಸಿ ಆಕಾರ ನೋಡಬೇಕೆಂದರೆ ಪ್ರೋಟೀನು ಹರಳುಗಟ್ಟಬೇಕು, ಅಲುಗಾಡುವ ವಸ್ತು ಸುಲಭಕ್ಕೆ ಹರಳುಗಟ್ಟುವುದಿಲ್ಲ. ನಾರ್‌ಸಿ ಎಂಬ ಪಂಪನ್ನು ಅವರ ತಂಡ ಹಿಡಿದು ನಿಲ್ಲಿಸಿದ್ದು ಭಾರತದ ಒಂಟೆಯಿಂದ ಪಡೆದ ಪುಟ್ಟ ಪ್ರತಿಕಾಯದ ತುಣುಕಿನಿಂದ. ಬಾಗಿಲ ಸಂದಿಗೆ ಬೆಣೆ ಹೊಡೆದ ಹಾಗೆ ಅದು ಪಂಪಿನ ಹೊರಬಾಯಿಗೆ ಸಿಕ್ಕಿಕೊಂಡಿತು, ಪಂಪು ಹೊರಮುಖವಾಗಿ ನಿಂತುಬಿಟ್ಟಿತು. ಇಂಥದೊಂದು ರಚನೆಗೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಪೂರ್ತಿ ಅವಧಿಯೇ ಹೋಗಿಬಿಡಬಹುದು. ಮಹಾಲಕ್ಷ್ಮಿ ಅವರದೂ ಪೊರೆಯ ಪ್ರೋಟೀನುಗಳೇ, ಮುಖ್ಯವಾಗಿ ಮೈಟೋಕಾಂಡ್ರಿಯದ ಹೊರಪೊರೆಯವು. ಅಲ್ಲಿಯೂ ಇದೇ ಪಾಡು.

ಸಾಹು ಅವರ ಕ್ಷೇತ್ರ ಮಕ್ಕಳ ನರವಿಜ್ಞಾನ. ಅಲ್ಲಿನ ತೊಂದರೆ ಬೇರೆಯದು. ವೆಸ್ಟ್ ಸಿಂಡ್ರೋಮ್ ಎಂಬ ಮೂರ್ಛೆರೋಗ ಹೆಚ್ಚಾಗಿ 3ರಿಂದ 12 ತಿಂಗಳ ಕೂಸುಗಳಲ್ಲಿ ಕಾಣಿಸಿಕೊಳ್ಳುತ್ತೆ. ನಿದ್ದೆಯಿಂದ ಎದ್ದ ಕೂಸು ತಲೆ ಮುಂದಕ್ಕೆ ಬಾಗಿಸಿ ಎರಡೂ ಕೈ ಚಾಚಿ ಒಂದು ಕ್ಷಣ ಬಿಗಿಯಾಗುತ್ತೆ, ಸಡಿಲವಾಗುತ್ತೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಹೀಗೆ ಸಾಲು ಸಾಲಾಗಿ. ಮನೆಯವರು ‘ಮಗು ಬೆಚ್ಚಿಬೀಳ್ತಿದೆ’ ಅನ್ನುತ್ತಾರೆ, ಇಲ್ಲವೇ ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಚಿಕಿತ್ಸೆ ಇದೆ: ಎಸಿಟಿಎಚ್ ಚುಚ್ಚುಮದ್ದು, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್. ಆದರೆ ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಪೆಟ್ಟು. ಇಂಥ ರೋಗದ ಮೇಲೆ ಪ್ರಯೋಗ ಮಾಡಬೇಕೆಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಯೋಗವನ್ನು ನೋಂದಾಯಿಸಬೇಕು, ಅಪ್ಪ ಅಮ್ಮನ ಸಮ್ಮತಿ ಪಡೆಯಬೇಕು. ಆಮೇಲೆ ಒಂದೊಂದೇ ಕೂಸು ಸೇರುವವರೆಗೆ ಕಾಯಬೇಕು. ಫಲ ತಿಳಿಯಲು ಆ ಕೂಸುಗಳು ಬೆಳೆಯುವ ತನಕ ಹಿಂಬಾಲಿಸಬೇಕು. ಇಷ್ಟನ್ನೂ ಮಾಡುವ ವೈದ್ಯರು ಬೆಳಿಗ್ಗೆ ಒಪಿಡಿಯಲ್ಲೂ ಇರುತ್ತಾರೆ.

ಪ್ರಜ್ಞಾ ಯಾದವ್ ಅವರ ಕೆಲಸದಲ್ಲಿ ಹಾಗೆ ಕಾಯಲು ವ್ಯವಧಾನವೇ ಇರಲಿಲ್ಲ. 2020ರಲ್ಲಿ ಕೊರೊನಾ ವೈರಸ್ಸನ್ನು ವೀರೋ ಎಂಬ ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿ ಬೇರ್ಪಡಿಸಿದ ತಂಡದಲ್ಲಿ ಅವರಿದ್ದರು. ಅವರ ರಾಷ್ಟ್ರೀಯ ವೈರಾಣು ಸಂಸ್ಥೆ ಕೊಟ್ಟ ತಳಿಯಿಂದಲೇ ಕೋವ್ಯಾಕ್ಸಿನ್ ತಯಾರಾಯಿತು, 2021ರ ಜನವರಿ 3ರಂದು ಅದಕ್ಕೆ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅಷ್ಟು ವೇಗ ಸಾಧ್ಯವಾದದ್ದು ಅತ್ಯಂತ ಅಪಾಯಕಾರಿ ವೈರಸ್‌ಗಳನ್ನು ನಿಭಾಯಿಸುವ ಬಿಎಸ್‌ಎಲ್-4 ಪ್ರಯೋಗಾಲಯವೂ ಅದರಲ್ಲಿ ಪಳಗಿದ ಜನರೂ ಮೊದಲೇ ಇದ್ದದ್ದರಿಂದ. ಹಾಗೆ ಪಳಗಿಸಿದ ವರ್ಷಗಳು ಪ್ರಬಂಧಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಈಗ ಲೆಕ್ಕ ಹಾಕೋಣ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ 3, ಅದರ ಮೇಲಿನ ವಿಶೇಷ ತಜ್ಞತೆಯ ಡಿಎಂ 3. ಹದಿನೆಂಟಕ್ಕೆ ಸೇರಿದವರು ಒಂದು ಪ್ರವೇಶ ಪರೀಕ್ಷೆಯೂ ಕೈಕೊಡದೆ ಸಾಗಿದರೆ ಮೂವತ್ತರ ಹೊಸ್ತಿಲಲ್ಲಿ ಡಿಎಂ ಮುಗಿಸುತ್ತಾರೆ. ನೀಟ್‌ಗೆ ಒಂದೆರಡು ವರ್ಷ, ಕಡ್ಡಾಯ ಬಾಂಡ್ ಸೇವೆಗೆ ಒಂದೆರಡು ವರ್ಷ ಸೇರಿಸಿದರೆ ಮೂವತ್ತಮೂರು, ಮೂವತ್ತನಾಲ್ಕು. ಪಿಎಚ್‌ಡಿ, ಅದರ ನಂತರ ಬೇರೆಯವರ ಪ್ರಯೋಗಾಲಯದಲ್ಲಿ ಮಾಡುವ ಪೋಸ್ಟ್‌ಡಾಕ್ ಮುಗಿಸಿ ಸ್ವಂತ ಪ್ರಯೋಗಾಲಯ ಹಿಡಿಯುವವರ ವಯಸ್ಸೂ ಸುಮಾರು ಅಷ್ಟೇ. ಆದರೆ ಅವರು ಆ ಹೊತ್ತಿಗೆ ಹತ್ತು ವರ್ಷ ಸಂಶೋಧನೆಯನ್ನೇ ಮಾಡಿರುತ್ತಾರೆ. ವೈದ್ಯರು ಸಂಶೋಧನೆಗೆ ಕೈ ಹಾಕುವುದೇ ಆಗ. ಹೆರಿಗೆ, ಮಕ್ಕಳ ಪಾಲನೆಗೆಂದು ವರ್ಷಗಳನ್ನು ಬಿಟ್ಟ ಮಹಿಳೆಯರದೂ ಇದೇ ಲೆಕ್ಕ. ಹುಟ್ಟಿದ ದಿನಾಂಕವನ್ನಷ್ಟೇ ನೋಡುವ ಗೆರೆ ನ್ಯಾಯದ್ದಲ್ಲ. ಜೀವವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಲ್ಲಿ ವಯಸ್ಸಿನ ಮಿತಿಯಿಲ್ಲ, ಸಂಶೋಧನೆಯ ಅನುಭವವನ್ನು ನೋಡುತ್ತಾರೆ. ವೈದ್ಯರಿಗೆ ಬೇರೆಯದೇ ದಾರಿಯಿದೆ. ಪುರಸ್ಕಾರಗಳೂ ಹಾಗೇ ಎಣಿಸಬೇಕು. ಇನ್ಫೊಸಿಸ್ ಪ್ರಶಸ್ತಿ 2024ರಲ್ಲಿ ತನ್ನ ವಯೋಮಿತಿಯನ್ನು 50ರಿಂದ 40ಕ್ಕೆ ಇಳಿಸಿತು. ಎಳೆಯರಿಗೆ ಬೇಗ ಬೆನ್ನುತಟ್ಟುವ ಉದ್ದೇಶವೇನೋ ಒಳ್ಳೆಯದೇ, ಆದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಂಶೋಧಕರಿಗೆ ಆ ಬಾಗಿಲು ಬಹುತೇಕ ಮುಚ್ಚಿದಂತೆಯೇ.

ಗೆರೆ ಬದಲಾಗುವ ತನಕ ಇರುವ ಗೆರೆಯೊಳಗೇ ಹೆಸರು ಕಳಿಸಬೇಕು. ವೈದ್ಯ ಸಂಶೋಧಕರ ಹೆಸರು ಬಿದ್ದುಹೋಗುವುದು ಹೆಚ್ಚಾಗಿ ಅರ್ಜಿ ಬರೆದ ರೀತಿಯಿಂದ.

ಮೊದಲು ದಿನಾಂಕ. ವಯಸ್ಸನ್ನು ಯಾವ ದಿನಕ್ಕೆ ಎಣಿಸುತ್ತಾರೆ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಎಣಿಕೆಗೆ ಬರುವುದು ದಾಖಲೆಯ ಹುಟ್ಟಿದ ದಿನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನಾಂಕವೂ ಮನೆಯವರು ಹೇಳುವ ದಿನಾಂಕವೂ ಬೇರೆಯಿರುವವರು ನಮ್ಮಲ್ಲಿ ಬೇಕಾದಷ್ಟು ಜನ. ನಾಮನಿರ್ದೇಶನದ ಅವಧಿ ಜನವರಿ 14ರಿಂದ ಫೆಬ್ರವರಿ 28 ಎಂದು ಯೋಜನೆ ಪ್ರಕಟವಾದಾಗ ಹೇಳಿದ್ದರು, ಆದರೆ ಅದನ್ನೇ ನೆಚ್ಚಿ ಕೂರಬೇಡಿ. ಪೋರ್ಟಲ್ ತೆರೆಯುವ ಮೂರು ತಿಂಗಳ ಮೊದಲೇ ಕಡತ ಸಿದ್ಧವಿರಲಿ.

ಇನ್ನು ಸಾಧನೆಯ ವಿವರಣೆ. ಇಲ್ಲೇ ಬಹಳ ಜನ ಎಡವುತ್ತಾರೆ. ‘120 ಪ್ರಬಂಧ, ಎಚ್-ಇಂಡೆಕ್ಸ್ (ಪ್ರಬಂಧಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆ) ಇಷ್ಟು’ ಎಂದು ಶುರುಮಾಡಿದರೆ ಓದುವ ತಜ್ಞರ ಕೈಗೆ ಏನೂ ಸಿಗುವುದಿಲ್ಲ. ಒಂದೇ ಪ್ರಶ್ನೆಯಿಂದ ಶುರುಮಾಡಿ: ಇವರ ಕೆಲಸಕ್ಕೆ ಮುಂಚೆ ಏನು ತಿಳಿದಿರಲಿಲ್ಲ, ಈಗ ಏನು ತಿಳಿದಿದೆ? ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ 2018ರಲ್ಲಿ ಈ ಪುರಸ್ಕಾರದ ಹಿಂದಿನ ರೂಪವಾದ ಭಟ್ನಾಗರ್ ಪ್ರಶಸ್ತಿಯನ್ನು ವೈದ್ಯಕೀಯ ವಿಭಾಗದಲ್ಲಿ ಪಡೆದರು. ಸ್ಕಿಜೋಫ್ರೀನಿಯಾದಲ್ಲಿ ಯಾರೂ ಮಾತಾಡದೆಯೇ ಕಿವಿಗೆ ಕೇಳಿಸುವ, ಔಷಧಕ್ಕೆ ಜಗ್ಗದ ಧ್ವನಿಗಳಿಗೆ ನೆತ್ತಿಯ ಮೂಲಕ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆಯ ಮೇಲೂ ಅವರು ಕೆಲಸ ಮಾಡಿದ್ದಾರೆ. ಇಂಥ ಕೆಲಸವನ್ನು ‘ನ್ಯೂರೋಮಾಡ್ಯುಲೇಷನ್ ಕ್ಷೇತ್ರಕ್ಕೆ ಗಣನೀಯ ಕೊಡುಗೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ರೋಗಿಗಳು, ಎಷ್ಟು ಮಿಲಿಆಂಪಿಯರ್, ಎಷ್ಟು ನಿಮಿಷ, ಹುಸಿ ಚಿಕಿತ್ಸೆಯ ಗುಂಪಿಗಿಂತ ಎಷ್ಟು ಮೇಲು ಎಂದು ಬರೆದರೆ ಪಕ್ಕದ ಕ್ಷೇತ್ರದವರಿಗೂ ಅದರ ತೂಕ ಗೊತ್ತಾಗುತ್ತೆ. ಆಯ್ಕೆ ಸಮಿತಿಯಲ್ಲಿ ಹೆಚ್ಚಿನವರು ಪಕ್ಕದ ಕ್ಷೇತ್ರದವರೇ.

ಮೂವತ್ತು ಲೇಖಕರ ಬಹುಕೇಂದ್ರ ಪ್ರಯೋಗವಾಗಿದ್ದರೆ ಇವರು ಮಾಡಿದ್ದೇನು ಎಂದು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ಪ್ರೋಟೊಕಾಲ್ ಬರೆದರೇ, ರೋಗಿಗಳನ್ನು ಸೇರಿಸಿದರೇ, ವಿಶ್ಲೇಷಣೆ ಮಾಡಿದರೇ? ಪೋಸ್ಟ್‌ಡಾಕ್ ಕಾಲದ ದೊಡ್ಡ ಪ್ರಬಂಧವನ್ನು ಮುಂದಿಟ್ಟು ಇಲ್ಲಿನ ಕೆಲಸವನ್ನು ಹಿಂದೆ ಸರಿಸಬೇಡಿ. ಹಳೆಯ ಭಟ್ನಾಗರ್ ನಿಯಮದಲ್ಲಿ ಹಿಂದಿನ 5 ವರ್ಷಗಳಲ್ಲಿ ಮುಖ್ಯವಾಗಿ ಭಾರತದಲ್ಲಿ ನಡೆದ ಸಂಶೋಧನೆಯನ್ನೇ ನೋಡುತ್ತಿದ್ದರು. ತೂಗುವ ಕಣ್ಣು ಈಗಲೂ ಆ ಕಡೆಗೇ ಹೋಗುತ್ತೆ. ಸಲ್ಲಿಸಿದ ಪೇಟೆಂಟ್ ಬೇರೆ, ಮಂಜೂರಾದ ಪೇಟೆಂಟ್ ಬೇರೆ. ‘ಭಾರತದಲ್ಲೇ ಮೊದಲು’ ಎಂಬ ಮಾತನ್ನು ಪೂರ್ತಿ ಹುಡುಕಿ ನೋಡದೆ ಹಾಕಬೇಡಿ.

ಮಹಿಳೆಯರ ಅಥವಾ ವೈದ್ಯರ ಹೆಸರು ಕಳಿಸುವಾಗ ಸಂಶೋಧನೆಗೆ ನಿಜವಾಗಿ ಸಿಕ್ಕ ವರ್ಷಗಳನ್ನು ಅಂಕಿಯಲ್ಲೇ ಬರೆಯಿರಿ: ‘ಸ್ವತಂತ್ರ ಸಂಶೋಧನೆ 7 ವರ್ಷ, ಅದರಲ್ಲಿ ವಾರಕ್ಕೆ 4 ದಿನ ರೋಗಿಗಳ ಆರೈಕೆ.’ ಇದು ರಿಯಾಯಿತಿ ಕೇಳಿದಂತಲ್ಲ. ಏಳು ವರ್ಷದ ಕೆಲಸವನ್ನು ಹದಿನೈದು ವರ್ಷದ ಕೆಲಸದ ಪಕ್ಕ ಇಟ್ಟು ತೂಗುವವರಿಗೆ ಬೇಕೇಬೇಕಾದ ಮಾಹಿತಿ.

ಕೊನೆಗೆ ಚಿತ್ರಗಳು. ಬಯೋಮೆಡಿಕಲ್ ಪ್ರಬಂಧಗಳಲ್ಲಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಪಟ್ಟೆಗಳಾಗಿ ತೋರಿಸುವ ಪರೀಕ್ಷೆ) ಅಥವಾ ಸೂಕ್ಷ್ಮದರ್ಶಕದ ಒಂದೇ ಚಿತ್ರ ಎರಡು ಕಡೆ ಬಂದಿರುವುದನ್ನು ಈಗ ಜಗತ್ತಿನ ಎಲ್ಲಿಂದಾದರೂ ಪತ್ತೆಹಚ್ಚುತ್ತಾರೆ. ಹೆಸರು ಪ್ರಕಟವಾದ ದಿನವೇ ಹುಡುಕಾಟ ಶುರು. ಎಷ್ಟೋ ಸಲ ಅದು ಮೋಸವಲ್ಲ, ‘ಕಂಟ್ರೋಲ್_ಫೈನಲ್_2’ ಎಂಬಂಥ ಹೆಸರಿನ ಎರಡು ಫೈಲುಗಳು ಅದಲುಬದಲಾದದ್ದು. ಆದರೆ ಮೂಲ ಫೈಲು ಕೈಯಲ್ಲಿಲ್ಲದಿದ್ದರೆ ಅದನ್ನು ತೋರಿಸಿಕೊಡಲಾಗುವುದಿಲ್ಲ. ಅರ್ಜಿಗೆ ಆರಿಸಿದ ಪ್ರತಿ ಪ್ರಬಂಧದ ಪ್ರತಿ ಚಿತ್ರಕ್ಕೂ ಕತ್ತರಿಸದ ಮೂಲ ಚಿತ್ರ, ತೆಗೆದ ದಿನಾಂಕ, ಲ್ಯಾಬ್ ನೋಟ್‌ಬುಕ್ಕಿನ ಪುಟಸಂಖ್ಯೆ ಒಂದೇ ಫೋಲ್ಡರಿನಲ್ಲಿರಲಿ. ತಪ್ಪು ಕಂಡರೆ ಪತ್ರಿಕೆಗೆ ತಿದ್ದುಪಡಿ ಕಳಿಸಿ, ಅದು ಪ್ರಕಟವಾದ ಮೇಲೆ ಆ ತಿದ್ದುಪಡಿಯನ್ನೂ ಸೇರಿಸಿಯೇ ಹೆಸರು ಕಳಿಸಿ.